ಸೈಟು ಮಾರಿ ಹಾರಲು ಹೊರಟ ಮೇಷ್ಟ್ರು: ಒಂದು ಪ್ರಕರಣ

2019ರ ಆಗಸ್ಟ್ ಕೊನೆಯ ವಾರ. ಆ ವರ್ಷ ರಿಟರ್ನ್ ಸಲ್ಲಿಸುವ ಗಡುವನ್ನು ಆಗಸ್ಟ್ 31ಕ್ಕೆ ಮುಂದೂಡಿದ್ದರು. ದಾವಣಗೆರೆಯ ನಮ್ಮ ಆಡಿಟ್ ಆಫೀಸಿನಲ್ಲಿ ಕಾಲಿಡಲು ಜಾಗ ಇರಲಿಲ್ಲ. ಫಾರಂ 16 ಹಿಡಿದು ಬಂದ ಮೇಷ್ಟ್ರೊಬ್ಬರು ತಮ್ಮ ಕೆಲಸ ಮುಗಿದ ಮೇಲೂ ಬೆಂಚು ಬಿಟ್ಟು ಏಳಲಿಲ್ಲ. ಜನ ಕರಗಿದ ಮೇಲೆ ಹತ್ತಿರ ಬಂದರು.

"ಸಾರ್, ನಂದೊಂದು ಸೈಟಿದೆ. ಮಾರಿದ್ರೆ ಟ್ಯಾಕ್ಸ್ ಎಷ್ಟು ಬೀಳುತ್ತೆ?"

"ಯಾಕ್ರೀ ಮೇಷ್ಟ್ರೇ, ಮನೆ ಕಟ್ಟಿಸ್ತಿದ್ದೀರಾ?"

"ಇಲ್ಲ ಸಾರ್. ವಿಮಾನ ಹಾರಿಸೋದು ಕಲಿಯೋಣ ಅಂತ."

ನಾನು ನಕ್ಕೆ. ಅವರು ನಗಲಿಲ್ಲ.

ಈ ಬರಹ ಅವರ ಬಗ್ಗೆ. ಅವರು ಒಪ್ಪಿದ ಮೇಲೆಯೇ ಬರೆಯುತ್ತಿದ್ದೇನೆ. ಗುರುತು ಸಿಗುವ ಕೆಲವು ವಿವರ ಬದಲಿಸಿದ್ದೇನೆ. ಕಾಲೇಜಿನ ಹೆಸರು, ಫ್ಲೈಯಿಂಗ್ ಸ್ಕೂಲ್‌ಗಳ ಹೆಸರು, ಅವರ ಹೆಸರು ಯಾವುದೂ ಇಲ್ಲಿ ಬರುವುದಿಲ್ಲ. ಮೇಷ್ಟ್ರು ಎಂದರೆ ಸಾಕು. ಕರಡು ಓದಲು ಕೊಟ್ಟಾಗ ನಾಲ್ಕು ಕಡೆ ಕೆಂಪು ಶಾಯಿಯಲ್ಲಿ ಗೆರೆ ಎಳೆದು ವಾಪಸ್ ಕಳಿಸಿದ್ದರು. ಅಭ್ಯಾಸ ಹೋಗಿಲ್ಲ.

ಹಿನ್ನೆಲೆ

ಆಗ ಅವರಿಗೆ 41. ಖಾಸಗಿ ಪಿಯು ಕಾಲೇಜಿನಲ್ಲಿ ಹದಿನೇಳು ವರ್ಷದಿಂದ ಫಿಸಿಕ್ಸ್ ಪಾಠ. ಸಂಬಳ 52 ಸಾವಿರ. ಹೆಂಡತಿ ಸರ್ಕಾರಿ ಪ್ರಾಥಮಿಕ ಶಾಲೆಯ ಟೀಚರ್. ಮಗಳು ಏಳನೇ ಕ್ಲಾಸು. ಮನೆ ಸಾಲ ತೀರಿತ್ತು. 2006ರಲ್ಲಿ 2.4 ಲಕ್ಷಕ್ಕೆ ಕೊಂಡ 30–40ರ ಸೈಟೊಂದು ಊರ ಹೊರಗೆ ಹಾಗೇ ಬಿದ್ದಿತ್ತು. ಜೊತೆಗೆ ವಯಸ್ಸಾದ ತಾಯಿ. ಅಂದರೆ ನಮ್ಮೂರಲ್ಲಿ 'ಸೆಟ್ಲ್ ಆಗಿದ್ದಾರೆ' ಅಂತೀವಲ್ಲ, ಅಂಥ ಸಂಸಾರ.

ಈ ಹುಚ್ಚು ಎಲ್ಲಿಂದ ಬಂತು ಎಂದು ಕೇಳಿದ್ದೆ. ವಿಮಾನ ಯಾಕೆ ಹಾರುತ್ತದೆ ಎನ್ನುವುದನ್ನು ಹದಿನೇಳು ವರ್ಷ ಬೋರ್ಡಿನ ಮೇಲೆ ಬರೆದಿದ್ದರಂತೆ. ರೆಕ್ಕೆಯ ಮೇಲೆ ಹೋಗುವ ಗಾಳಿ ಮತ್ತು ಕೆಳಗೆ ಹೋಗುವ ಗಾಳಿ ಹಿಂದಿನ ಅಂಚಿನಲ್ಲಿ ಒಟ್ಟಿಗೇ ಸೇರಬೇಕು, ಅದಕ್ಕೇ ಮೇಲಿನದು ಜೋರಾಗಿ ಓಡುತ್ತದೆ ಎಂಬ ವಿವರಣೆ ಎಷ್ಟೋ ಪುಸ್ತಕಗಳಲ್ಲಿದೆ. ಅದು ತಪ್ಪು. ಎರಡೂ ಒಟ್ಟಿಗೆ ಸೇರುವುದೇ ಇಲ್ಲ, ಮೇಲಿನ ಗಾಳಿ ಮೊದಲೇ ದಾಟಿಹೋಗುತ್ತದೆ. "ತಪ್ಪು ಅಂತ ಗೊತ್ತಿತ್ತು ಸಾರ್. ಆದರೆ ನಾನೇನು ಹಾರಿಸಿ ನೋಡಿದ್ದೀನಾ?" ಅಂದರು. ಅಷ್ಟರಲ್ಲಿ ಅವರ ಹಳೇ ವಿದ್ಯಾರ್ಥಿಯೊಬ್ಬ ಪೈಲಟ್ ಆಗಿ ಕಾಲೇಜಿಗೆ ಬಂದಿದ್ದ. "ಸಾರ್, ನಮ್ಮ ಸ್ಕೂಲಲ್ಲಿ ವಿಮಾನ ಇದೆ, ಕಲಿಸೋರೇ ಇಲ್ಲ. ಬಂದವರು ವರ್ಷಕ್ಕೇ ಏರ್‌ಲೈನ್‌ಗೆ ಓಡ್ತಾರೆ" ಅಂದನಂತೆ. ಮೇಷ್ಟ್ರ ತಲೆಯಲ್ಲಿ ಹುಳ ಹೊಕ್ಕಿದ್ದು ಅವತ್ತೇ.

ಇಲ್ಲಿ ಒಂದು ವಿಷಯ ಗಮನಿಸಬೇಕು. ಮೊದಲ ದಿನದಿಂದಲೂ ಅವರ ಗುರಿ ಏರ್‌ಲೈನ್ ಆಗಿರಲಿಲ್ಲ, ಇನ್‌ಸ್ಟ್ರಕ್ಟರ್ ಆಗುವುದಾಗಿತ್ತು. ಏರ್‌ಲೈನ್ ಪೈಲಟ್‌ಗೆ 65 ವರ್ಷದವರೆಗೆ ಹಾರಲು ಅವಕಾಶ ಇದೆ ನಿಜ. ಆದರೆ ದೊಡ್ಡ ವಿಮಾನ ಹಾರಿಸಲು ಬೇಕಾದ ಟೈಪ್ ರೇಟಿಂಗ್ ಎಂಬ ಅರ್ಹತೆಗೆ ಮತ್ತೆ ಲಕ್ಷಗಟ್ಟಲೆ ಸುರಿಯಬೇಕು, ಆಮೇಲೆ ಇಪ್ಪತ್ತೆರಡರ ಹುಡುಗರ ಜೊತೆ ಸಾಲಿನಲ್ಲಿ ನಿಲ್ಲಬೇಕು. ಕಲಿಸುವ ಕೆಲಸಕ್ಕೆ ಮಾತ್ರ ಅವರ ಹದಿನೇಳು ವರ್ಷ ಲೆಕ್ಕಕ್ಕೆ ಬರುತ್ತಿತ್ತು. ಇದನ್ನು ಅವರು ಯೋಚಿಸಿಯೇ ಬಂದಿದ್ದರು. ಯೋಚಿಸದೆ ಇದ್ದದ್ದು ದುಡ್ಡಿನ ಬಗ್ಗೆ.

ಲೆಕ್ಕ ಮತ್ತು ಷರತ್ತು

ಇನ್‌ಸ್ಟ್ರಕ್ಟರ್ ಆಗಲು ಮೊದಲು ಕಮರ್ಷಿಯಲ್ ಪೈಲಟ್ ಲೈಸೆನ್ಸ್ ಬೇಕು. ಎಲ್ಲರೂ ಸಿಪಿಎಲ್ ಅಂತಾರೆ. ಪಿಯುಸಿಯಲ್ಲಿ ಫಿಸಿಕ್ಸ್, ಮ್ಯಾಥ್ಸ್ ಓದಿರಬೇಕಿತ್ತು. ಮೇಷ್ಟ್ರಿಗೆ ಅದು ತಮಾಷೆಯ ನಿಯಮ. ಕ್ಲಾಸ್ 1 ಮೆಡಿಕಲ್ ಪಾಸಾಗಬೇಕು. ದೇಶದ ವಿಮಾನಯಾನ ನಿಯಂತ್ರಣ ಸಂಸ್ಥೆ ಡಿಜಿಸಿಎಯ ಪೇಪರ್‌ಗಳು: ನ್ಯಾವಿಗೇಶನ್, ಮೆಟಿಯರಾಲಜಿ, ರೆಗ್ಯುಲೇಷನ್, ಟೆಕ್ನಿಕಲ್. ಇದರ ಮೇಲೆ ರೇಡಿಯೋದಲ್ಲಿ ಮಾತಾಡಲು ಬೇರೆ ಪರೀಕ್ಷೆ. ಆಮೇಲೆ 200 ಗಂಟೆ ಹಾರಾಟ. ಅದರಲ್ಲಿ 100 ಗಂಟೆ ವಿಮಾನದ ಹೊಣೆ ತಾನೇ ಹೊತ್ತು ಹಾರಿಸಿರಬೇಕು. 300 ನಾಟಿಕಲ್ ಮೈಲಿಯ ಒಂದು ದೂರದ ಹಾರಾಟವೂ, ಐದು ಗಂಟೆ ರಾತ್ರಿ ಹಾರಾಟವೂ ಬೇಕು. ಇಷ್ಟೆಲ್ಲ ಆದ ಮೇಲೆ ಅಸಿಸ್ಟೆಂಟ್ ಫ್ಲೈಟ್ ಇನ್‌ಸ್ಟ್ರಕ್ಟರ್ ರೇಟಿಂಗ್‌ಗೆ ಮತ್ತೆ ತರಬೇತಿ, ಮತ್ತೆ ಪರೀಕ್ಷೆ.

ಊಟ, ವಸತಿ, ಓಡಾಟ ಎಲ್ಲ ಸೇರಿಸಿ ನಾವಿಬ್ಬರೂ ಹಾಕಿದ ಲೆಕ್ಕ 55 ಲಕ್ಷಕ್ಕೆ ಬಂದು ನಿಂತಿತು. ಸೈಟು 31 ಲಕ್ಷಕ್ಕೆ ಹೋಗುವ ಅಂದಾಜಿತ್ತು. ಮೇಷ್ಟ್ರು 31 ಪೂರ್ತಿ ಕೈಗೆ ಬರುತ್ತದೆ ಅಂದುಕೊಂಡಿದ್ದರು. ಮಾರಿದ ಲಾಭದ ಮೇಲೆ ಕ್ಯಾಪಿಟಲ್ ಗೇನ್ಸ್ ತೆರಿಗೆ ಎಂದು ಒಂದಿದೆ, ಬೆಲೆಯೇರಿಕೆಗೆ ಕೊಡುವ ಇಂಡೆಕ್ಸೇಷನ್ ಕಳೆದ ಮೇಲೂ ಐದು ಲಕ್ಷದ ಮೇಲೆ ಕಟ್ಟಬೇಕು ಎಂದಾಗ ಅವರ ಮುಖ ನೋಡಬೇಕಿತ್ತು. 2021ರಲ್ಲಿ ನಿಜವಾಗಿ ಮಾರಿದಾಗ ಕಟ್ಟಿದ್ದು 5.15 ಲಕ್ಷ.

ನಾನು ಬೇಡ ಅಂದೆ. ಇದನ್ನು ಮುಚ್ಚಿಡುವುದಿಲ್ಲ. ಎರಡು ಸಲ, ಸ್ಪಷ್ಟವಾಗಿ ಬೇಡ ಅಂದೆ. ಅವರು ಕೇಳುವುದಿಲ್ಲ ಎಂದು ಗೊತ್ತಾದ ಮೇಲೆ ಒಂದು ಬಿಳಿ ಹಾಳೆಯಲ್ಲಿ ಮೂರು ಸಾಲು ಬರೆದು ಕೊಟ್ಟೆ. ಮೆಡಿಕಲ್ ಆಗುವ ತನಕ ಯಾರಿಗೂ ಒಂದು ರೂಪಾಯಿ ಕೊಡಬೇಡಿ. ಪೇಪರ್ ಎಲ್ಲ ಪಾಸಾಗುವ ತನಕ ಕೆಲಸ ಬಿಡಬೇಡಿ. ಪಿಎಫ್ ಮುಟ್ಟಬೇಡಿ.

ಟೀಚರಮ್ಮನ ಷರತ್ತು ಎರಡೇ. ಮನೆ ಪತ್ರ ಬ್ಯಾಂಕಿಗೆ ಹೋಗಕೂಡದು. ಮಗಳ ಎಸ್ಸೆಸ್ಸೆಲ್ಸಿ ಮುಗಿಯುವುದರೊಳಗೆ ಲೈಸೆನ್ಸ್ ಬರಬೇಕು, ಇಲ್ಲದಿದ್ದರೆ ಸುಮ್ನೆ ವಾಪಸ್ ಬಂದು ಚಾಕ್‌ಪೀಸ್ ಹಿಡಿಯಬೇಕು. ತಾಯಿ ಮಾತ್ರ ಷರತ್ತು ಹಾಕಲಿಲ್ಲ. "ನೆಲದ ಮೇಲೆ ಕೆಲಸ ಇರಲಿಲ್ವೇನಪ್ಪ ನಿಂಗೆ?" ಅಂದರಂತೆ.

ಮೆಡಿಕಲ್

2020ರ ಜನವರಿಯಲ್ಲಿ ಬೆಂಗಳೂರಿನ ಹಳೇ ಏರ್‌ಪೋರ್ಟ್ ರಸ್ತೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಗೆ ಹೋದರು. ವಾಯುಪಡೆಯದು. ಕಣ್ಣು, ಕಿವಿ, ಇಸಿಜಿ, ರಕ್ತ, ಹೊಟ್ಟೆ ಸ್ಕ್ಯಾನ್, ಎಲ್ಲ ನೋಡುತ್ತಾರೆ. ಐದಡಿ ಆರಿಂಚಿನ ಮೇಷ್ಟ್ರು 89 ಕೆಜಿ ಇದ್ದರು. ಬಿಪಿ ಜಾಸ್ತಿ, ಲಿವರ್‌ನಲ್ಲಿ ಕೊಬ್ಬು. ಟೆಂಪರರಿ ಅನ್‌ಫಿಟ್ ಎಂದು ಬರೆದು ಮೂರು ತಿಂಗಳು ಬಿಟ್ಟು ಬರಲು ಹೇಳಿದರು.

ಜನ್ಮದಲ್ಲಿ ಫೇಲಾಗದ ಮನುಷ್ಯ. ರೈಲಿನಲ್ಲಿ ವಾಪಸ್ ಬರುವಾಗ ಹರಿಹರದವರೆಗೂ ನಿದ್ದೆ ಹೋದೆ ಎಂದು ಸುಳ್ಳು ಹೇಳಿದರು. ಆಮೇಲೆ ಗೊತ್ತಾಯಿತು, ದಾವಣಗೆರೆ ಸ್ಟೇಷನ್‌ನಲ್ಲಿ ಇಳಿಯಲು ಮನಸ್ಸು ಬಾರದೆ ಮುಂದಿನ ಸ್ಟೇಷನ್ ತನಕ ಸುಮ್ನೆ ಕೂತಿದ್ದರು.

ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂತು. ಮೂರು ತಿಂಗಳು ಎಂಬುದು ಹತ್ತಾಯಿತು. ಇದು ಅವರ ಅದೃಷ್ಟ ಎಂದೇ ನನ್ನ ಅನಿಸಿಕೆ. ಬೆಳಿಗ್ಗೆ ಆನ್‌ಲೈನ್ ಪಾಠ, ಸಂಜೆ ಮನೆ ಮಹಡಿಯ ಮೇಲೆ ಗಾಣದ ಎತ್ತಿನಂತೆ ಸುತ್ತು. ಸಂಜೆಯ ಮಂಡಕ್ಕಿ ಉಳಿಯಿತು, ಮಿರ್ಚಿ ಹೋಯಿತು. ನವೆಂಬರ್ ಹೊತ್ತಿಗೆ 75 ಕೆಜಿ. ಎರಡನೇ ಸಲ ಫಿಟ್ ಆಗಿ ಬಂದರು. ಅಲ್ಲಿಯ ತನಕ ಖರ್ಚಾಗಿದ್ದು ಕೆಲವೇ ಸಾವಿರ.

ಪೇಪರ್‌ಗಳ ಕಥೆ ಬೇಗ ಹೇಳಿಬಿಡುತ್ತೇನೆ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಓದಿದರು. ಪಾಸಾಗಲು ನೂರಕ್ಕೆ 70 ಬೇಕು. ನ್ಯಾವಿಗೇಶನ್‌ನಲ್ಲಿ 91 ಬಂತು, ರೆಗ್ಯುಲೇಷನ್‌ನಲ್ಲಿ 66. ಮೊದಲನೆಯದಕ್ಕೆ ತಲೆ ಬೇಕು, ಎರಡನೆಯದಕ್ಕೆ ಬಾಯಿಪಾಠ. "ಹದಿನೇಳು ವರ್ಷ ಹುಡುಗರಿಗೆ ಬಾಯಿಪಾಠ ಮಾಡಬೇಡ್ರೋ ಅಂದಿದ್ದಕ್ಕೆ ಶಿಕ್ಷೆ" ಅಂದರು. ಎರಡನೇ ಸಲ ಬಾಯಿಪಾಠ ಮಾಡಿ ಪಾಸಾದರು.

ಹಾಳೆ ಮರೆತ ದಿನ

ಪ್ರಕರಣ ಹಳ್ಳ ಹಿಡಿಯುತ್ತಿದ್ದದ್ದು ಇಲ್ಲಿ. 2021ರ ಜೂನ್‌ನಲ್ಲಿ ಸೈಟು ಮಾರಿದರು. ಕಾಲೇಜಿಗೆ ರಾಜೀನಾಮೆ ಕೊಟ್ಟರು. ಹೊರರಾಜ್ಯದ ಒಂದು ಫ್ಲೈಯಿಂಗ್ ಸ್ಕೂಲ್ ಆಯ್ಕೆ ಮಾಡಿದರು. ಪೂರ್ತಿ ಫೀಸು ಒಮ್ಮೆಗೇ ಕಟ್ಟಿದರೆ ಶೇಕಡಾ 5 ರಿಯಾಯಿತಿ ಎಂದರಂತೆ. ಮೇಷ್ಟ್ರು 24 ಲಕ್ಷ ಒಂದೇ ಏಟಿಗೆ ಕಟ್ಟಿದರು. ನನಗೆ ಹೇಳಿದ್ದು ರಶೀದಿ ಬಂದ ಮೇಲೆ.

ನನ್ನ ಹಾಳೆಯಲ್ಲಿ ಅಡ್ವಾನ್ಸ್ ಬಗ್ಗೆ ಒಂದು ಸಾಲು ಇರಲಿಲ್ಲ. ಅದು ನನ್ನ ತಪ್ಪೂ ಹೌದು. ದುಡ್ಡಿನ ವಿಷಯ ತಿಳಿದವನು ನಾನು, ನನಗೇ ಹೊಳೆಯಬೇಕಿತ್ತು.

ಸ್ಕೂಲಿನಲ್ಲಿ ಆರು ವಿಮಾನ ನಿಂತಿದ್ದವು, ಹಾರುತ್ತಿದ್ದದ್ದು ಎರಡು. ಒಂದಕ್ಕೆ ಎಂಜಿನ್ ಬಂದಿರಲಿಲ್ಲ, ಇನ್ನೊಂದಕ್ಕೆ ಕಾಗದಪತ್ರ ಆಗಿರಲಿಲ್ಲ. ಅಕ್ಟೋಬರ್‌ನಲ್ಲಿ ಒಂದೇ ತಿಂಗಳಲ್ಲಿ ಇಬ್ಬರು ಇನ್‌ಸ್ಟ್ರಕ್ಟರ್‌ಗಳು ಬಿಟ್ಟುಹೋದರು. ಬೆಳಿಗ್ಗೆ ಐದಕ್ಕೆ ಸಮವಸ್ತ್ರ ಹಾಕಿ ಹೋಗಿ ಬೆಂಚಿನ ಮೇಲೆ ಕೂತು, ಹನ್ನೊಂದಕ್ಕೆ ಬಿಸಿಲೇರಿ ಗಾಳಿ ಕುಲುಕತೊಡಗಿದ ಮೇಲೆ ಎದ್ದು ಬರುವುದು. ಎಂಟು ತಿಂಗಳಲ್ಲಿ 31 ಗಂಟೆ.

ವಯಸ್ಸಿನ ಪಾಲೂ ಇತ್ತು. ಜೊತೆಯ ಹುಡುಗರು ಹದಿನೈದು–ಹದಿನೆಂಟು ಗಂಟೆಗೆ ಮೊದಲ ಸೋಲೋ, ಅಂದರೆ ಒಬ್ಬರೇ ಹಾರಲು, ಹೋದರೆ ಇವರಿಗೆ 26 ಆಯಿತು. ತೊಡಕು ಲ್ಯಾಂಡಿಂಗ್‌ನ ಕೊನೆಯ ನಾಲ್ಕೈದು ಸೆಕೆಂಡಿನಲ್ಲಿ. ನೆಲ ಹತ್ತಿರ ಬಂದಾಗ ಮೂತಿಯನ್ನು ಮೆಲ್ಲಗೆ ಎತ್ತಬೇಕು. ಎಷ್ಟು ಎತ್ತಬೇಕು ಎಂದು ತಿಳಿಯಲು ಕಣ್ಣು ರನ್‌ವೇಯ ಆಚೆ ತುದಿಯಲ್ಲಿರಬೇಕು. ಮೇಷ್ಟ್ರು ಚಕ್ರದ ಮುಂದಿನ ಡಾಂಬರು ನೋಡುತ್ತಿದ್ದರು. ಮನಸ್ಸಿನಲ್ಲಿ ಲೆಕ್ಕ: ಇಷ್ಟು ವೇಗ, ಇಷ್ಟು ಎತ್ತರ. ಲೆಕ್ಕ ಸರಿಯಾಗುವಷ್ಟರಲ್ಲಿ ವಿಮಾನ ಕುಕ್ಕಿ ಮೇಲೆ ಚಿಮ್ಮುತ್ತಿತ್ತು. ವಾಯುಪಡೆಯಿಂದ ನಿವೃತ್ತರಾದ ಇನ್‌ಸ್ಟ್ರಕ್ಟರ್ ಒಬ್ಬರು ಕೊನೆಗೆ ಪಕ್ಕದಿಂದ ಕೈಚಾಚಿ ಇವರ ಗದ್ದ ಹಿಡಿದು ಮೇಲೆತ್ತಿದರಂತೆ, ಮಗುವಿಗೆ ಎತ್ತುವ ಹಾಗೆ. ಅವತ್ತು ಸರಿಯಾಯಿತು.

2022ರ ಏಪ್ರಿಲ್‌ನಲ್ಲಿ ಊರಿಗೆ ಬಂದಾಗ ಆಫೀಸಿಗೆ ಬಂದರು. ಕೂತು ಭಾಗಾಕಾರ ಮಾಡಿದೆವು. ಇದೇ ವೇಗದಲ್ಲಿ ಉಳಿದ 169 ಗಂಟೆಗೆ ಇನ್ನೂ 44 ತಿಂಗಳು ಬೇಕು. ಬಿಟ್ಟುಬಂದರೆ 24 ಲಕ್ಷದಲ್ಲಿ ಎಷ್ಟು ವಾಪಸ್ ಬರುತ್ತದೋ ಗೊತ್ತಿಲ್ಲ. ಇದ್ದರೆ ನಾಲ್ಕು ವರ್ಷ ಹೋಗುತ್ತದೆ. "ಕೊಟ್ಟಿದ್ದು ಕೊಟ್ಟಾಯ್ತು ಮೇಷ್ಟ್ರೇ. ಈಗ ಉಳಿದಿರೋದು ವಯಸ್ಸು, ಅದನ್ನು ಅವರಿಗೆ ಕೊಡಬೇಡಿ" ಅಂದೆ. ಬೇಡ ಬೇಡ ಎಂದಿದ್ದ ನಾನೇ ಹಾಗೆ ಅಂದೆ ಎನ್ನುವುದು ಮನೆಗೆ ಹೋದ ಮೇಲೆ ಹೊಳೆಯಿತು.

ಅವರು ಬಿಟ್ಟರು. ಬಳಸಿದ್ದು ಕಳೆದು 17 ಲಕ್ಷ ಬರಬೇಕಿತ್ತು. ವಕೀಲರ ನೋಟಿಸು, ಹದಿನಾಲ್ಕು ತಿಂಗಳ ಅಲೆದಾಟದ ನಂತರ ಬಂದಿದ್ದು 11. ಆರು ಲಕ್ಷ ನೀರಲ್ಲಿ ಹೋಮ.

ಎರಡನೇ ಸ್ಕೂಲು

ಅದೇ ಹೊತ್ತಿಗೆ ಹೊಸ ಸ್ಕೂಲ್‌ಗಳು ಏಳುತ್ತಿದ್ದವು. ವಿಮಾನ ನಿಲ್ದಾಣ ಪ್ರಾಧಿಕಾರ 2021ರಲ್ಲಿ ನಮ್ಮ ಬೆಳಗಾವಿ, ಕಲಬುರಗಿ ಸೇರಿ ಐದು ನಿಲ್ದಾಣಗಳಲ್ಲಿ ಹಾರಾಟ ತರಬೇತಿಗೆ ಜಾಗ ಕೊಟ್ಟಿತ್ತು. ಸರ್ಕಾರದ್ದೇ ಆದ ಜಕ್ಕೂರಿನ ಶಾಲೆ 1949ರಿಂದ ಇದೆ. ಇಲ್ಲಿ ಒಂದು ಮಾತು. ಈ ಕಥೆ ಹೇಳಿದಾಗೆಲ್ಲ ನಮ್ಮ ಕಡೆಯವರು ಕೇಳುವುದು ಒಂದೇ: "ಚಳ್ಳಕೆರೆ ಹತ್ರ ರನ್‌ವೇ ಇದೆಯಲ್ಲ, ಅಲ್ಲೇ ಕಲೀಬಹುದಿತ್ತಲ್ಲ?" ವರವು ಕಾವಲಿನಲ್ಲಿರುವುದು ಡಿಆರ್‌ಡಿಒದ ಪರೀಕ್ಷಾ ವಲಯ. ಮನುಷ್ಯರಿಲ್ಲದ ವಿಮಾನಗಳನ್ನು ಪರೀಕ್ಷಿಸುವ ಜಾಗ. ನಮಗೂ ನಿಮಗೂ ಅಲ್ಲಿ ಪ್ರವೇಶ ಇಲ್ಲ.

ಈ ಸಲ ಮೇಷ್ಟ್ರು ಸ್ಕೂಲಿನ ಆಫೀಸಿಗೆ ಹೋಗುವ ಮೊದಲು ಕ್ಯಾಂಟೀನಿಗೆ ಹೋದರು. ಅಲ್ಲಿನ ಹುಡುಗರ ಜೊತೆ ಎರಡು ದಿನ ಟೀ ಕುಡಿದರು. ನಿನ್ನೆ ಎಷ್ಟು ವಿಮಾನ ಹಾರಿದವು, ಕಳೆದ ತಿಂಗಳು ನೀನು ಎಷ್ಟು ಗಂಟೆ ಮಾಡಿದೆ, ಕೊನೆಗೆ ಬಿಟ್ಟುಹೋದ ಇನ್‌ಸ್ಟ್ರಕ್ಟರ್ ಯಾವಾಗ ಹೋದರು. ಆಮೇಲೆ ಆಫೀಸಿಗೆ ಹೋಗಿ, 25 ಗಂಟೆಗೊಂದು ಕಂತು, ಹಾರಿದ ಮೇಲೆ ಮುಂದಿನದು, ಒಪ್ಪಿದರೆ ಸೇರುತ್ತೇನೆ ಅಂದರು. ರಿಯಾಯಿತಿ ಸಿಗಲಿಲ್ಲ. ಒಪ್ಪಿಗೆ ಸಿಕ್ಕಿತು.

ದುಡ್ಡಿಗೆ ಶಿಕ್ಷಣ ಸಾಲ. ಡಿಜಿಸಿಎ ಒಪ್ಪಿದ ಪೈಲಟ್ ತರಬೇತಿಗೆ ಬ್ಯಾಂಕುಗಳು ಕೊಡುತ್ತವೆ, ಆದರೆ 7.5 ಲಕ್ಷ ದಾಟಿದರೆ ಅಡಮಾನ ಕೇಳುತ್ತಾರೆ. ಮನೆ ಪತ್ರ ಕೊಡುವ ಹಾಗಿಲ್ಲ. ಮೇಷ್ಟ್ರ ಅಣ್ಣ ಒಂದು ಭಾನುವಾರ ಬಂದು ತಮ್ಮ ಅಂಗಡಿ ಮಳಿಗೆಯ ಪತ್ರವನ್ನು ನ್ಯೂಸ್‌ಪೇಪರ್‌ನಲ್ಲಿ ಸುತ್ತಿ ಮೇಜಿನ ಮೇಲಿಟ್ಟು, ಕಾಫಿ ಕುಡಿದು ಹೋದರು. ಆ ವಿಷಯ ಎತ್ತಲೇ ಇಲ್ಲ. 20 ಲಕ್ಷ ಸಾಲ ಆಯಿತು. ಹಳೇ ತೆರಿಗೆ ಪದ್ಧತಿಯಲ್ಲಿದ್ದರೆ ಬಡ್ಡಿಗೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಇದೆ. ಸ್ವಂತ ಓದಿಗೂ ಅದು ಸಿಗುತ್ತದೆ ಎಂದು ಎಷ್ಟೋ ಜನರಿಗೆ ಗೊತ್ತಿಲ್ಲ.

ಹಾಸ್ಟೆಲ್‌ನಲ್ಲಿ ಇಪ್ಪತ್ತರ ಹುಡುಗರ ಜೊತೆ ರೂಮು. ಎಲ್ಲರಿಗೂ ಇವರು 'ಅಂಕಲ್'. ರಾತ್ರಿ ಒಬ್ಬ ಹುಡುಗ ಗಾಳಿಯ ತ್ರಿಕೋನದ ಲೆಕ್ಕ ಬಾರದೆ ಕೂತಿದ್ದ. ಗಾಳಿ ಪಕ್ಕದಿಂದ ಬೀಸುವಾಗ ಮೂತಿ ಎತ್ತ ತಿರುಗಿಸಿದರೆ ನೆಲದ ಮೇಲೆ ನೇರ ಹೋಗುತ್ತೇವೆ ಎನ್ನುವ ಲೆಕ್ಕ. ತುಂಬಿದ ಹೊಳೆ ದಾಟುವ ತೆಪ್ಪದ ಉದಾಹರಣೆ ಕೊಟ್ಟು ಮೇಷ್ಟ್ರು ಹತ್ತು ನಿಮಿಷದಲ್ಲಿ ಮುಗಿಸಿದರು. ಮರುದಿನ ಮೂವರು ಬಂದರು. ವಾರದಲ್ಲಿ ಹದಿನಾಲ್ಕು ಜನ. ಸ್ಕೂಲಿನ ಮುಖ್ಯ ಇನ್‌ಸ್ಟ್ರಕ್ಟರ್ ಒಂದು ರಾತ್ರಿ ಬಾಗಿಲಲ್ಲಿ ನಿಂತು ಪೂರ್ತಿ ಪಾಠ ಕೇಳಿ ಹೋದರು. ಮುಂದಿನ ತಿಂಗಳಿಂದ ಸಂಜೆ ಪಾಠಕ್ಕೆ ತಿಂಗಳಿಗೆ 25 ಸಾವಿರ ಗೊತ್ತಾಯಿತು.

ನನ್ನ ಲೆಕ್ಕದಲ್ಲಿ ಈ ಪ್ರಕರಣ ತಿರುಗಿದ್ದು ಅಲ್ಲಿ. ಸಂಬಳ ಸಣ್ಣದು. ಆದರೆ ಅವರನ್ನು ಮುಂದೆ ಇನ್‌ಸ್ಟ್ರಕ್ಟರ್ ಆಗಿ ತೆಗೆದುಕೊಳ್ಳುವ ಯೋಚನೆ ಸ್ಕೂಲಿಗೆ ಬಂದಿದ್ದು ಅವರ ಹಾರಾಟ ನೋಡಿ ಅಲ್ಲ, ಆ ಬಾಗಿಲಲ್ಲಿ ನಿಂತು ಕೇಳಿದ ಪಾಠದಿಂದ.

ಗಡುವು

2023ರ ಏಪ್ರಿಲ್. ಮಗಳ ಎಸ್ಸೆಸ್ಸೆಲ್ಸಿ ಪರೀಕ್ಷೆ ನಡೆಯುತ್ತಿತ್ತು. ಮೇಷ್ಟ್ರ ಲಾಗ್‌ಬುಕ್‌ನಲ್ಲಿ 171 ಗಂಟೆ. ಟೀಚರಮ್ಮನ ಗಡುವು ಮುಗಿದಂತೆಯೇ. ಊರಿಗೆ ಬಂದಿದ್ದರು. ಹಳೇ ಕಾಲೇಜಿನಿಂದ ಫೋನೂ ಬಂದಿತ್ತು, ಜೂನ್‌ನಿಂದ ಬರ್ತೀರಾ ಎಂದು.

ಏಪ್ರಿಲ್ 2, ಭಾನುವಾರ. ಟಿವಿಯಲ್ಲಿ ಚಳ್ಳಕೆರೆಯ ಸುದ್ದಿ. ಇಸ್ರೋದ ಮರುಬಳಕೆ ರಾಕೆಟ್ ವಿಮಾನವನ್ನು ಚಿನೂಕ್ ಹೆಲಿಕಾಪ್ಟರ್ ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಬಿಟ್ಟಿತ್ತು. ಅದು ತಾನಾಗಿಯೇ ಬಂದು ರನ್‌ವೇ ಮೇಲೆ ಇಳಿಯಿತು. ಮೇಷ್ಟ್ರು ಸೋಫಾದ ತುದಿಗೆ ಬಂದು ಕೂತು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ಟೀಚರಮ್ಮ ಹಿಂದೆ ನಿಂತು ನೋಡಿ ಅಂದರಂತೆ: "ಅದ್ರಲ್ಲಿ ಪೈಲಟ್ಟೇ ಇಲ್ವಂತಲ್ರೀ. ಇನ್ನು ನೀವು ಕಲ್ತು ಯಾರಿಗೆ ಕಲಿಸ್ತೀರಿ?"

ಮಗಳು ನಕ್ಕಳು. ಮೇಷ್ಟ್ರೂ ನಕ್ಕರು. ಸಂಜೆ ಅವರಾಗಿಯೇ ಕಾಲೇಜಿಗೆ ವಾಪಸ್ ಹೋಗುವ ಮಾತೆತ್ತಿದರು. ಟೀಚರಮ್ಮ ಇನ್ನೆಷ್ಟು ಗಂಟೆ ಬೇಕು ಎಂದು ಕೇಳಿದರು. 29. "ಡಿಸೆಂಬರ್ ತನಕ ನೋಡ್ರಿ" ಅಂದು ಅಡುಗೆಮನೆಗೆ ಹೋದರು. ಗಡುವು ಹಾಕಿದವರೇ ಅದನ್ನು ಮುಂದೂಡಿದ್ದು. ಇದನ್ನು ನಾನು ಸಡಿಲತನ ಅನ್ನುವುದಿಲ್ಲ. 31 ಗಂಟೆಯ ಹತ್ತಿರ ನಿಂತಿದ್ದಾಗ ಈ ಪ್ರಶ್ನೆ ಬಂದಿದ್ದರೆ ಅವರು ವಾಪಸ್ ಕರೆಸುತ್ತಿದ್ದರು, ಅದೂ ಸರಿಯೇ ಆಗುತ್ತಿತ್ತು.

ಆಗಸ್ಟ್‌ನಲ್ಲಿ ಲೈಸೆನ್ಸ್ ಬಂತು.

ಬಲಗಡೆ ಸೀಟು

ಕಲಿಯುವವನು ಎಡಗಡೆ ಕೂರುತ್ತಾನೆ, ಕಲಿಸುವವನು ಬಲಗಡೆ. 200 ಗಂಟೆ ಎಡಗೈಯಲ್ಲಿ ಕಂಟ್ರೋಲ್, ಬಲಗೈಯಲ್ಲಿ ಥ್ರಾಟಲ್ ಹಿಡಿದವರು ಈಗ ಎರಡನ್ನೂ ಅದಲುಬದಲು ಮಾಡಬೇಕು. ಕನ್ನಡಿ ನೋಡಿಕೊಂಡು ಬರೆದ ಹಾಗೆ. ರನ್‌ವೇ ಕಾಣುವ ಕೋನವೂ ಬದಲಾಗುತ್ತದೆ. ಮೇಷ್ಟ್ರ ಲ್ಯಾಂಡಿಂಗ್ ಮತ್ತೆ ಮೊದಲಿಗೆ ಬಂತು. ಅದು ಹದಿನೈದು ದಿನದಲ್ಲಿ ಸರಿಹೋಯಿತು.

ಸರಿಹೋಗದೇ ಇದ್ದದ್ದು ಬಾಯಿ.

ಹಾರುತ್ತಲೇ ವಿವರಿಸುವುದಕ್ಕೆ ಅಲ್ಲಿ ಪ್ಯಾಟರ್ ಎನ್ನುತ್ತಾರೆ. ಕೈ ಏನು ಮಾಡುತ್ತದೋ ಅದನ್ನೇ ಬಾಯಿ ಹೇಳಬೇಕು, ಅದೇ ಕ್ಷಣಕ್ಕೆ, ನಾಲ್ಕೇ ಮಾತಿನಲ್ಲಿ. ಮೇಷ್ಟ್ರು 60 ಡಿಗ್ರಿ ವಾಲಿಸಿ ತಿರುಗುವುದನ್ನು ತೋರಿಸಬೇಕಿತ್ತು. ಅಲ್ಲಿ ಭಾರ ಎರಡು ಪಟ್ಟಾಗುತ್ತದೆ, ವಿಮಾನ ಸ್ಟಾಲ್ ಆಗುವ, ಅಂದರೆ ರೆಕ್ಕೆ ಎತ್ತಿಹಿಡಿಯುವ ಬಲ ಕಳೆದುಕೊಳ್ಳುವ, ವೇಗ ಎರಡರ ವರ್ಗಮೂಲದಷ್ಟು, ಅಂದರೆ 1.41 ಪಟ್ಟು, ಏರುತ್ತದೆ. ಅದು ಯಾಕೆ ವರ್ಗಮೂಲ ಎಂದು ವಿವರಿಸಲು ಹೊರಟರು. ವಿವರಣೆ ಅಚ್ಚುಕಟ್ಟಾಗಿತ್ತು. ಅಷ್ಟರಲ್ಲಿ ವಿಮಾನ 300 ಅಡಿ ಕೆಳಗೆ ಬಂದಿತ್ತು. ಪಕ್ಕದಲ್ಲಿ ವಿದ್ಯಾರ್ಥಿಯ ಪಾತ್ರದಲ್ಲಿ ಕೂತಿದ್ದ ಮುಖ್ಯ ಇನ್‌ಸ್ಟ್ರಕ್ಟರ್ ಕೆಳಗಿಳಿದ ಮೇಲೆ ಅಂದದ್ದು ಇಷ್ಟೇ: ನಿಮ್ಮ ಬಾಯಿ ನಿಂತ ದಿನ ಟೆಸ್ಟಿಗೆ ಕಳಿಸುತ್ತೇನೆ.

ಅವತ್ತು ತೊಡೆಗೆ ಕಟ್ಟಿಕೊಳ್ಳುವ ಬರೆಯುವ ಹಲಗೆಯ ಮೇಲೆ ಮೇಷ್ಟ್ರು ಕನ್ನಡದಲ್ಲಿ ದಪ್ಪಗೆ ಬರೆದುಕೊಂಡರು: ಸುಮ್ನಿರು. ಆ ಚೀಟಿಯನ್ನು ನಾನು ನೋಡಿದ್ದೇನೆ. ಬೆವರಿಗೆ ಶಾಯಿ ಹರಡಿದೆ.

ಸುಮ್ಮನಿರುವುದು ಎಂದರೆ ಏನು ಎಂದು ಕೇಳಿದೆ. ತಮ್ಮ ಎರಡೂ ಕೈಯನ್ನು ಮೇಜಿನ ಮೇಲೆ ಇಟ್ಟು ತೋರಿಸಿದರು. ಬಲಗೈ ತೊಡೆಯ ಮೇಲೆ, ಬೆರಳು ಕಂಟ್ರೋಲಿನಿಂದ ಎರಡು ಇಂಚು ದೂರ. ವಿದ್ಯಾರ್ಥಿಗೆ ಕಾಣಬಾರದು. ಕಂಡರೆ ಅವನು ತನ್ನ ಕೈ ಸಡಿಲ ಬಿಡುತ್ತಾನೆ, ಸಾರ್ ಇದ್ದಾರಲ್ಲ ಎಂದು. ಅವನು ತಪ್ಪು ಮಾಡುತ್ತಾನೆ. ಆ ತಪ್ಪನ್ನು ಅವನೇ ನೋಡಲಿ ಎಂದು ಬಿಡಬೇಕು. ಎಲ್ಲಿಯವರೆಗೆ ಬಿಡಬಹುದು, ಎಲ್ಲಿ ಕೈ ಹಾಕಲೇಬೇಕು, ಈ ಎರಡರ ನಡುವೆ ಒಂದೋ ಎರಡೋ ಸೆಕೆಂಡು. ಕೈ ಹಾಕಿದರೆ 'ಐ ಹ್ಯಾವ್ ಕಂಟ್ರೋಲ್' ಎಂದು ಹೇಳಿಯೇ ಹಾಕಬೇಕು. ವಿಮಾನ ಯಾರ ಕೈಯಲ್ಲಿದೆ ಎಂಬ ಅನುಮಾನ ಅರೆಕ್ಷಣವೂ ಇರಕೂಡದು. "ಕ್ಲಾಸಲ್ಲಿ ಹುಡುಗ ತಪ್ಪು ಹೇಳಿದ ತಕ್ಷಣ ಅಲ್ಲಪ್ಪ ಅಂತಿದ್ದೆ ಸಾರ್. ಆ 'ಅಲ್ಲಪ್ಪ' ನುಂಗೋಕೆ ನಾಲ್ಕು ತಿಂಗಳು ಹಿಡೀತು."

ಪಾಠ ಮಾಡಿದ ಅನುಭವದಿಂದ ಅವರಿಗೆ ಕೆಲಸ ಸಿಕ್ಕಿತು. ಅದೇ ಅನುಭವ ಅಲ್ಲಿ ಅಡ್ಡವೂ ಬಂತು. ಎರಡನೇ ಕೆಲಸಕ್ಕೆ ಹೋಗುವವರು ಹಳೆಯದರಿಂದ ಏನು ಒಯ್ಯಬಹುದು ಎಂದು ಮಾತ್ರ ಲೆಕ್ಕ ಹಾಕುತ್ತಾರೆ. ಏನು ಬಿಡಬೇಕು ಎನ್ನುವ ಪಟ್ಟಿಯನ್ನು ನಾನಂತೂ ಯಾರ ಕೈಲೂ ನೋಡಿಲ್ಲ. ನನ್ನ ಆ ಬಿಳಿ ಹಾಳೆಯಲ್ಲೂ ಇರಲಿಲ್ಲ.

ಈಗ

2024ರ ಮಧ್ಯದಿಂದ ಅದೇ ಸ್ಕೂಲಿನಲ್ಲಿ ಅಸಿಸ್ಟೆಂಟ್ ಇನ್‌ಸ್ಟ್ರಕ್ಟರ್. ಅವರ ದುಡಿಮೆ ಗಂಟೆಯ ಮೇಲೆ. ಮೊದಲ ವರ್ಷದ ಸರಾಸರಿ ತಿಂಗಳಿಗೆ 70 ಸಾವಿರದ ಆಸುಪಾಸು ಬಂದಿದೆ. ಮಳೆಗಾಲದಲ್ಲಿ ಮೋಡ ಕೆಳಗಿಳಿದರೆ ಹಾರಾಟ ಇಲ್ಲ, ದುಡ್ಡೂ ಇಲ್ಲ. ಬೇಸಿಗೆಯಲ್ಲಿ ದಿನಕ್ಕೆ ಐದಾರು ಸುತ್ತು, ಒಲೆಯಂಥ ಕಾಕ್‌ಪಿಟ್, ಸೊಂಟ ನೋವು. ಸಾಲ ಇನ್ನೂ 17 ಲಕ್ಷ ಇದೆ. ಕಾಲೇಜಿನಲ್ಲೇ ಇದ್ದಿದ್ದರೆ ಇಷ್ಟೊತ್ತಿಗೆ ಸೈಟೂ ಇರುತ್ತಿತ್ತು, ಸಂಬಳವೂ ಹತ್ತಿರ ಹತ್ತಿರ ಇಷ್ಟೇ ಇರುತ್ತಿತ್ತು. ಮಗಳ ಪಿಯುಸಿ ಎರಡೂ ವರ್ಷ ಅಪ್ಪ ಹದಿನೈದು ದಿನಕ್ಕೊಮ್ಮೆ ಬರುವ ನೆಂಟ. ಫಿಸಿಕ್ಸ್ ಅವಳಿಗೆ ಫೋನಿನಲ್ಲಿ. ಇದನ್ನು ಯಶಸ್ಸಿನ ಕಥೆ ಎಂದು ಮುಂದಿಡಲು ನನ್ನ ಲೆಕ್ಕದ ಪುಸ್ತಕ ಒಪ್ಪುವುದಿಲ್ಲ. ಸೋಲು ಅನ್ನಲು ಅವರ ಮುಖ ಬಿಡುವುದಿಲ್ಲ.

ಮೆಡಿಕಲ್ ಎನ್ನುವುದು ಮುಗಿದ ಅಧ್ಯಾಯವಲ್ಲ. ಮತ್ತೆ ಮತ್ತೆ ಬರುತ್ತದೆ, ಒಂದು ಇಸಿಜಿ ಕೆಟ್ಟರೆ ಕೆಲಸ ನಿಲ್ಲುತ್ತದೆ. ಲೈಸೆನ್ಸ್ ಹೋದರೆ ಪರಿಹಾರ ಕೊಡುವ ವಿಮೆ ಇದೆ, ಮಾಡಿಸಿ ಎಂದು ಒಂದು ವರ್ಷದಿಂದ ಹೇಳುತ್ತಿದ್ದೇನೆ. ಮುಂದಿನ ತಿಂಗಳು ಅಂತಾರೆ. ಪಿಎಫ್ ಮಾತ್ರ ಹಾಗೇ ಇದೆ. ಆ ಒಂದು ಸಾಲು ಅವರು ಮೀರಲಿಲ್ಲ.

ಇವರ ಸುದ್ದಿ ಕೇಳಿ ಇಬ್ಬರು ನನ್ನ ಹತ್ತಿರ ಬಂದಿದ್ದರು. ಒಬ್ಬರು ಚಿತ್ರದುರ್ಗದ ಬ್ಯಾಂಕ್ ನೌಕರರು, 45. ಮೊದಲು ಮೆಡಿಕಲ್‌ಗೆ ಕಳಿಸಿದೆ. ಬಣ್ಣ ಗುರುತಿಸುವ ಪರೀಕ್ಷೆಯಲ್ಲಿ ನಿಂತುಹೋಯಿತು. ಬೇಜಾರಾಯಿತು, ಆದರೆ ಕಳೆದದ್ದು ನಾಲ್ಕು ದಿನ ರಜೆ. ಇನ್ನೊಬ್ಬರು 38ರ ವ್ಯಾಪಾರಿ. ಸ್ಕೂಲಿಗೆ ಮೂರು ಲಕ್ಷ ಕಟ್ಟಿ ಬಂದು ಈಗ ಮೆಡಿಕಲ್‌ಗೆ ಏನು ಮಾಡಬೇಕು ಎಂದು ಕೇಳಿದರು. ಅವರಿಗೂ ಒಂದು ಬಿಳಿ ಹಾಳೆ ಕೊಟ್ಟೆ. ಈಗ ಅದರಲ್ಲಿ ಐದು ಸಾಲು ಇವೆ. ನಾಲ್ಕನೆಯದು, ಕ್ಯಾಂಟೀನಿಗೆ ಹೋಗದೆ ಆಫೀಸಿಗೆ ಹೋಗಬೇಡಿ, ಕಂತಿಲ್ಲದೆ ಕಟ್ಟಬೇಡಿ. ಐದನೆಯದನ್ನು ಮೇಷ್ಟ್ರೇ ಹೇಳಿ ಬರೆಸಿದ್ದು: ಹಳೇ ಕೆಲಸದ ಯಾವ ಚಟ ಬಿಡಬೇಕು, ಹೆಂಡತಿಯನ್ನು ಕೇಳಿ.

ಹೋದ ತಿಂಗಳು ಮೇಷ್ಟ್ರೂ ನಾನೂ ಬೆಂಗಳೂರಿನಿಂದ ಒಟ್ಟಿಗೆ ಕಾರಲ್ಲಿ ಬಂದೆವು. ಚಿತ್ರದುರ್ಗ ದಾಟುವಾಗ ಗುಡ್ಡದ ಮೇಲಿನ ಗಾಳಿ ಫ್ಯಾನುಗಳು ಕಂಡವು. ನಾನು ಮೂವತ್ತು ವರ್ಷದಿಂದ ಆ ದಾರಿಯಲ್ಲಿ ಓಡಾಡಿದ್ದೇನೆ. ಅವರು ಕಿಟಕಿಯಿಂದ ಒಮ್ಮೆ ನೋಡಿ, "ಪಶ್ಚಿಮದ ಗಾಳಿ. ಇವತ್ತು ನಮ್ಮ ಹುಡುಗರು ಪೂರ್ವದ ಕಡೆಯಿಂದ, ಗಾಳಿಗೆ ಎದುರಾಗಿ ಇಳೀತಿರ್ತಾರೆ" ಅಂದರು. ಫ್ಯಾನುಗಳೆಲ್ಲ ಗಾಳಿ ಬರುವ ಕಡೆಗೆ ಮುಖ ಮಾಡಿ ನಿಂತಿರುತ್ತವೆ ಎಂದು ನನಗೆ ಗೊತ್ತಾಗಿದ್ದು ಅವತ್ತೇ. ದಾವಣಗೆರೆಗೆ ಬರುವಷ್ಟರಲ್ಲಿ ಸಂಜೆಯಾಗಿತ್ತು. ಮಂಡಕ್ಕಿ ಅಂಗಡಿ ಮುಂದೆ ನಿಲ್ಲಿಸಿದೆವು. ನನಗೆ ಎರಡು ಮಿರ್ಚಿ ಹೇಳಿದೆ. ಅವರು ಬರೀ ಮಂಡಕ್ಕಿ ಹೇಳಿದರು. ಮುಂದಿನ ವಾರ ಮೆಡಿಕಲ್ ಇತ್ತು.